ಹಳೆಯ ಝಡ್4ಗೆ ಕೂಲಿಂಗ್ ಕೆಲಸ: ಯಾವುದನ್ನು ಈಗಲೇ ಬದಲಾಯಿಸಬೇಕು, ಯಾವುದನ್ನು ನೋಡುತ್ತಿದ್ದರೆ ಸಾಕು?

ಪ್ರಶ್ನೆ: ನಮಸ್ಕಾರ ಸರ್. ನಾನು ಶಿಡ್ಲಘಟ್ಟದವನು, ರೇಷ್ಮೆ ವ್ಯಾಪಾರ ಮಾಡ್ತೀನಿ. ಆರು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಝಡ್4 ತಗೊಂಡೆ. 2011ರ ಮಾಡೆಲ್, 35ಐ, ಮೀಟರಿನಲ್ಲಿ 58 ಸಾವಿರ ಕಿಲೋಮೀಟರ್ ಇದೆ. ಸರ್ವಿಸ್ ದಾಖಲೆ ಪೂರ್ತಿ ಸಿಗಲಿಲ್ಲ. ಕೂಲಂಟ್ (ಇಂಜಿನ್ ತಣಿಸೋ ದ್ರವ) ಲೈಫ್‌ಟೈಮ್, ಮುಟ್ಟೋದೇ ಬೇಡ ಅಂತ ಮಾರಿದವರು ಹೇಳಿದ್ದರು. ಹೋದ ತಿಂಗಳು ಒಂದು ಭಾನುವಾರ ನಂದಿಬೆಟ್ಟಕ್ಕೆ ಹೋದಾಗ ಗಾಡಿಗಳ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತೆ. ಇಂಜಿನ್ ಆಫ್ ಮಾಡಿದ ಮೇಲೂ ಫ್ಯಾನ್ ಜೋರಾಗಿ ಓಡ್ತಾನೇ ಇತ್ತು, ಬಾನೆಟ್ ಹತ್ತಿರ ಸಿಹಿ ವಾಸನೆ ಬಂತು. ಮರುದಿನ ನೋಡಿದರೆ ಕೂಲಂಟ್ ಇಳಿದಿತ್ತು, ಮನೆಯ ಫಿಲ್ಟರ್ ನೀರು ಅರ್ಧ ಲೀಟರ್ ಹಾಕಿದೆ. ದೀಪ ಯಾವುದೂ ಹತ್ತಿಲ್ಲ. ಪರಿಚಯದ ಮೆಕ್ಯಾನಿಕ್ ಅಣ್ಣ, ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಕಿತ್ತುಹಾಕಿ, ಫ್ಯಾನ್ ಡೈರೆಕ್ಟ್ ಕೊಟ್ಟು, ನೀರು ತುಂಬಿಸಿಬಿಡಿ ಅಂತಾರೆ. ಬೆಂಗಳೂರಿನ ಒಂದು ಗ್ಯಾರೇಜಿನವರು ಪಂಪು, ರೇಡಿಯೇಟರು, ಹೋಸು ಎಲ್ಲಾ ಬದಲಾಯಿಸಬೇಕು ಅಂತ ಒಂದೂವರೆ ಲಕ್ಷ ದಾಟುವ ಎಸ್ಟಿಮೇಟ್ ಕೊಟ್ಟಿದ್ದಾರೆ. ಗಾಡಿ ವಾರಕ್ಕೊಮ್ಮೆ ತೆಗೆದರೆ ಹೆಚ್ಚು. ಕೆಡದೇ ಇರೋದನ್ನ ಯಾಕೆ ಬದಲಾಯಿಸಬೇಕು? ಸಂಕ್ರಾಂತಿಗೆ ಮನೆಯವರ ಜೊತೆ ತಿರುಪತಿಗೆ ಇದರಲ್ಲೇ ಹೋಗೋ ಆಸೆ ಇದೆ.

ಉತ್ತರ: ನಿಮ್ಮ ಚಿಂತೆ ಎರಡು. ನಂದಿಬೆಟ್ಟದಲ್ಲಿ ಕಂಡದ್ದು ದೊಡ್ಡ ಕಾಯಿಲೆಯ ಶುರುವೋ ಅಲ್ಲವೋ ಎಂಬುದು ಒಂದು. ಏನೂ ಬೇಡ ಎನ್ನುವವರಿಂದ ಹಿಡಿದು ಎಲ್ಲಾ ಬದಲಾಯಿಸಿ ಎನ್ನುವವರ ತನಕ ಇದ್ದಾರಲ್ಲ, ಇವರಲ್ಲಿ ಯಾರ ಮಾತು ಕೇಳಬೇಕು ಎಂಬುದು ಇನ್ನೊಂದು.

ಫ್ಯಾನಿನ ವಿಷಯ ಮೊದಲು ಮುಗಿಸೋಣ, ಅದರಲ್ಲಿ ಹೆದರುವಂಥದ್ದು ಏನಿಲ್ಲ. ಈ ಕಾರಿನಲ್ಲಿರುವುದು ಎರಡು ಟರ್ಬೊ ಇರುವ ಮೂರು ಲೀಟರಿನ ಆರು ಸಿಲಿಂಡರ್ ಇಂಜಿನ್, 306 ಅಶ್ವಶಕ್ತಿಯದು. ಬೆಟ್ಟ ಹತ್ತಿ ನಿಂತಾಗ ಟರ್ಬೊಗಳು ಕಾದು ಕೆಂಡವಾಗಿರುತ್ತವೆ. ಕೀಲಿ ತೆಗೆದ ಮೇಲೂ ಆ ಕಾವು ಹೊರಗೆ ಹೋಗಲೇಬೇಕು. ಅದಕ್ಕಾಗಿ ಫ್ಯಾನು ಕೆಲವು ನಿಮಿಷ ಓಡುತ್ತದೆ, ವಾಟರ್ ಪಂಪ್ ಕೂಡ ಕರೆಂಟಿನಲ್ಲಿ ಓಡುವಂಥದ್ದಾದ್ದರಿಂದ ಅದೂ ಓಡುತ್ತಿರುತ್ತದೆ. ಕಂಪನಿಯವರೇ ಹಾಗೆ ಮಾಡಿದ್ದಾರೆ.

ಸಿಹಿ ವಾಸನೆ ಮತ್ತು ಇಳಿದ ಮಟ್ಟ ಮಾತ್ರ ಬೇರೆ ವಿಷಯ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಬಿಸಿ ಲೋಹದ ಮೇಲೆ ಬಿದ್ದು ಆವಿಯಾದಾಗ ಆ ವಾಸನೆ ಬರುತ್ತದೆ. ಇದು ಮುಚ್ಚಿದ ವ್ಯವಸ್ಥೆ. ಸರಿಯಿರುವ ಕಾರಿನಲ್ಲಿ ವರ್ಷಗಟ್ಟಲೆ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿಯಬಾರದು. ಅಂದರೆ ನಿಮ್ಮ ಗಾಡಿಯಲ್ಲಿ ಎಲ್ಲೋ ಸೋರಿಕೆ ಇದೆ, ಬಹುಶಃ ಸಣ್ಣದು, ಒತ್ತಡ ಏರಿದಾಗ ಮಾತ್ರ ಹೊರಗೆ ಬರುವಂಥದ್ದು. ದೀಪ ಹತ್ತಲಿಲ್ಲವೆಂದು ಸಮಾಧಾನಪಡಬೇಡಿ. ಈ ಕಾರಿನಲ್ಲಿ ಕೂಲಂಟಿನ ಬಿಸಿ ತೋರಿಸುವ ಮುಳ್ಳು ಇಲ್ಲ. ಮಟ್ಟ ಸಾಕಷ್ಟು ಇಳಿದ ಮೇಲೆ, ಇಲ್ಲವೇ ಬಿಸಿ ಮಿತಿ ದಾಟುವ ಹೊತ್ತಿಗೆ ದೀಪ ಬರುತ್ತದೆ. ಆಗ ನಿಮಗೆ ಉಳಿಯುವ ಸಮಯ ಬಹಳ ಕಡಿಮೆ.

ಇನ್ನು ಮೆಕ್ಯಾನಿಕ್ ಅಣ್ಣನ ಸಲಹೆ. ಅವರನ್ನು ತಪ್ಪಾಗಿ ತಿಳಿಯಬೇಡಿ, ಆ ಮಾತು ಅನುಭವದಿಂದಲೇ ಬಂದದ್ದು. ಅಂಬಾಸಿಡರ್, ಹಳೆಯ ಜೀಪು, ಲಾರಿಗಳಲ್ಲಿ ಇಂಜಿನ್ ಬ್ಲಾಕು ಎರಕದ ಕಬ್ಬಿಣ, ರೇಡಿಯೇಟರು ತಾಮ್ರ-ಹಿತ್ತಾಳೆ. ಒಳಗೆ ಜಾಗ ದಂಡಿಯಾಗಿತ್ತು, ಒತ್ತಡ ಕಡಿಮೆ ಇತ್ತು. ಬೋರ್ ನೀರು ಹಾಕಿದರೂ ನಡೆಯುತ್ತಿತ್ತು, ಪಾಚಿ ಕಟ್ಟಿದರೆ ರೇಡಿಯೇಟರ್ ಬಿಚ್ಚಿಸಿ ಕಡ್ಡಿ ಆಡಿಸಿ ತೊಳೆಸುತ್ತಿದ್ದರು. ನಿಮ್ಮ ಕಾರಿನಲ್ಲಿ ಬ್ಲಾಕು, ಅದರ ಮೇಲೆ ಕೂರುವ ಹೆಡ್ಡು, ರೇಡಿಯೇಟರ್ ಎಲ್ಲವೂ ಅಲ್ಯೂಮಿನಿಯಂ, ನಡುವಿನ ಜೋಡಣೆಗಳು ಪ್ಲಾಸ್ಟಿಕ್. ಆ ಗಾಡಿಗಳಲ್ಲಿ ನಡೆದದ್ದು ಇಲ್ಲಿ ನಡೆಯುವುದಿಲ್ಲ.

ನೀರಿನ ವಿಷಯದಲ್ಲಿ ಅವರ ಮಾತಿನಲ್ಲಿ ಒಂದು ಅಂಶ ನಿಜ. ಬರೀ ನೀರು ಕೂಲಂಟ್ ಮಿಶ್ರಣಕ್ಕಿಂತ ಹೆಚ್ಚು ಕಾವು ಹೊರುತ್ತದೆ. ಆದರೆ ಕೂಲಂಟಿನ ಕೆಲಸ ಕಾವು ಹೊರುವುದಷ್ಟೇ ಅಲ್ಲ. ಅಲ್ಯೂಮಿನಿಯಂ ತಿನ್ನಿಸಿಕೊಳ್ಳದ ಹಾಗೆ ಕಾಯಬೇಕು, ಕುದಿಯುವ ಬಿಂದುವನ್ನು ಮೇಲೇರಿಸಬೇಕು. ಕೂಲಂಟ್ ಹಿಮ ಬೀಳುವ ದೇಶಕ್ಕೆ ಮಾತ್ರ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ, ಅದು ತಪ್ಪು. ನಂದಿಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ನಿಮ್ಮ ಇಂಜಿನ್ ನೂರರ ಆಸುಪಾಸಿನಲ್ಲಿ ಕೆಲಸ ಮಾಡುವಂತೆ ತಯಾರಾದದ್ದು. ಅದು ಕುದಿಯದೆ ಇರುವುದು ಗ್ಲೈಕಾಲಿನಿಂದ ಮತ್ತು ಕೂಲಂಟ್ ಟ್ಯಾಂಕಿನ ಮುಚ್ಚಳ ಹಿಡಿದಿಡುವ ಒತ್ತಡದಿಂದ. ಒತ್ತಡ ಒಂದು ಬಾರ್‌ನಷ್ಟು (ಸುಮಾರಾಗಿ ಸಮುದ್ರಮಟ್ಟದ ಗಾಳಿಯ ಒತ್ತಡದಷ್ಟು) ಹೆಚ್ಚಿದರೆ ಬರೀ ನೀರು ಕೂಡ 120 ಡಿಗ್ರಿಯ ತನಕ ಕುದಿಯದೆ ನಿಲ್ಲುತ್ತದೆ. ಮುಚ್ಚಳದ ರಬ್ಬರ್ ಸತ್ತು ಒತ್ತಡ ನಿಲ್ಲದಿದ್ದರೆ ಸಿಹಿ ವಾಸನೆ, ಇಳಿದ ಮಟ್ಟ, ಎರಡೂ ಬರುತ್ತವೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗದ ಭಾಗ ಅದೇ, ಜನ ಕಡೆಗೆ ನೋಡುವುದೂ ಅದನ್ನೇ.

ಥರ್ಮೋಸ್ಟಾಟ್ ಕಿತ್ತುಹಾಕುವುದಂತೂ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಅದು ಎರಡು ದಾರಿಗಳ ನಡುವೆ ಕೂತಿರುತ್ತದೆ: ಇಂಜಿನ್ನಿನೊಳಗೇ ಸುತ್ತುವ ಚಿಕ್ಕ ದಾರಿ, ರೇಡಿಯೇಟರಿನ ಮೂಲಕ ಹೋಗುವ ದೊಡ್ಡ ದಾರಿ. ಇಂಜಿನ್ ಕಾದಾಗ ಚಿಕ್ಕದನ್ನು ಮುಚ್ಚಿ ದೊಡ್ಡದನ್ನು ತೆರೆಯುತ್ತದೆ. ಕಿತ್ತುಹಾಕಿದರೆ ಎರಡೂ ತೆರೆದೇ ಇರುತ್ತವೆ. ಬಿಸಿ ಕೂಲಂಟಿನ ಒಂದು ಪಾಲು ರೇಡಿಯೇಟರ್ ನೋಡದೆಯೇ ಮತ್ತೆ ಇಂಜಿನ್ನಿಗೆ ತಿರುಗುತ್ತದೆ, ಬೆಟ್ಟ ಹತ್ತುವಾಗ ಅದೇ ಕಷ್ಟ. ಬೆಳಗಿನ ಚಳಿಯಲ್ಲಿ ಇಂಜಿನ್ ಹದಕ್ಕೆ ಬರುವುದು ತಡವಾಗಿ ಪೆಟ್ರೋಲು ಹೆಚ್ಚು ಸುರಿಯುತ್ತದೆ, ಆಯಿಲ್ ಕೆಡುತ್ತದೆ. ಇದರ ಥರ್ಮೋಸ್ಟಾಟಿಗೆ ವಯರಿಂಗ್ ಇದೆ, ಕಂಪ್ಯೂಟರ್ ಅದನ್ನು ಆಡಿಸುತ್ತದೆ. ಕಿತ್ತ ತಕ್ಷಣ ಚೆಕ್ ಇಂಜಿನ್ ದೀಪ ಹತ್ತುತ್ತದೆ, ಮುಂದೆ ನಿಜವಾದ ದೋಷ ಬಂದರೂ ನಿಮಗೆ ಗೊತ್ತಾಗುವುದಿಲ್ಲ. ಫ್ಯಾನ್ ಡೈರೆಕ್ಟ್ ಕೊಟ್ಟು ಸದಾ ಓಡುವ ಹಾಗೆ ಮಾಡುವುದೂ ಬೇಡ. ಅದರ ವೇಗವನ್ನು ಅಗತ್ಯಕ್ಕೆ ತಕ್ಕಂತೆ ಕಂಪ್ಯೂಟರೇ ನಡೆಸುತ್ತದೆ.

ಮನೆಯ ಫಿಲ್ಟರ್ ನೀರು ಅರ್ಧ ಲೀಟರ್ ಹಾಕಿದ್ದಕ್ಕೆ ಗಾಬರಿ ಬೇಡ, ಬೋರ್ ನೀರು ಹಾಕಿಲ್ಲವಲ್ಲ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಬೋರುಗಳು ಸಾವಿರ ಅಡಿ ದಾಟಿ ಎಷ್ಟೋ ವರ್ಷವಾಯಿತು. ಅಷ್ಟು ಆಳದ ನೀರಿನ ಫ್ಲೋರೈಡ್ ಬಗ್ಗೆ ಎಲ್ಲರಿಗೂ ಗೊತ್ತು. ರೇಡಿಯೇಟರಿಗೆ ಶತ್ರುಗಳು ಬೇರೆ: ಬಿಳಿ ಕರೆ ಕಟ್ಟುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಮ್ಮಿಗೆ ತೂತು ಕೊರೆಯುವ ಕ್ಲೋರೈಡ್. ಸ್ನಾನದ ಮನೆಯ ಗೀಸರ್ ಕಾಯಿಲನ್ನು ಎರಡು ವರ್ಷದ ಮೇಲೆ ಹೊರತೆಗೆದವರಿಗೆ ಆ ಕರೆ ಎಷ್ಟು ದಪ್ಪ ಎಂದು ನಾನು ಹೇಳಬೇಕಾಗಿಲ್ಲ. ಊರಿನ ಶುದ್ಧ ನೀರಿನ ಘಟಕದ ಆರ್‌ಓ ನೀರಿನಲ್ಲಿ ಲವಣ ಕಡಿಮೆ, ಆದರೆ ಪೂರ್ತಿ ಹೋಗಿರುವುದಿಲ್ಲ. ದಾರಿಯಲ್ಲಿ ತುರ್ತಿಗೆ ಅದು ಸರಿ. ವ್ಯವಸ್ಥೆ ಪೂರ್ತಿ ತುಂಬುವಾಗ ಡಿಸ್ಟಿಲ್ಡ್ ವಾಟರ್ ಮಾತ್ರ. ಇಲ್ಲವಾದರೆ ಮೊದಲೇ ಬೆರೆಸಿ ಬರುವ ಕೂಲಂಟ್ ಕ್ಯಾನ್ ತಂದರೆ ನೀರಿನ ತಲೆನೋವೇ ಇಲ್ಲ.

ಕೂಲಂಟನ್ನು ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣ ಕಂಪನಿಯವರು ಹಾಕುವ ಡೈ ಅಷ್ಟೇ, ಅದಕ್ಕೊಂದು ಎಲ್ಲರೂ ಪಾಲಿಸುವ ನಿಯಮವಿಲ್ಲ. ನಿಮ್ಮ ಕಾರಿಗೆ ಬೇಕಾದ್ದು ಜಿ48 ಎಂಬ ದರ್ಜೆಯದು, ಸಾಮಾನ್ಯವಾಗಿ ನೀಲಿ-ಹಸಿರು ಛಾಯೆಯಲ್ಲಿ ಬರುತ್ತದೆ, ಫಾಸ್ಫೇಟ್ ಇರುವುದಿಲ್ಲ. ಕ್ಯಾನಿನ ಹಿಂದೆ ಆ ದರ್ಜೆ ಬರೆದಿದೆಯೇ ನೋಡಿ. ಬೇರೆ ಬೇರೆ ಜಾತಿಯ ಕೂಲಂಟ್ ಬೆರೆಸಿದರೆ ಒಂದರ ರಕ್ಷಕ ರಾಸಾಯನಿಕ ಇನ್ನೊಂದರದ್ದನ್ನು ಕೆಡಿಸುತ್ತದೆ. ಸಮಪಾಲು ನೀರು, ಸಮಪಾಲು ಕೂಲಂಟ್ ಸಾಕು. ಗಟ್ಟಿಯಾಗಿರಲಿ ಎಂದು ಬರೀ ಕೂಲಂಟ್ ಸುರಿದರೆ ಕಾವು ಹೊರುವ ಶಕ್ತಿಯೇ ತಗ್ಗುತ್ತದೆ.

ಲೈಫ್‌ಟೈಮ್ ಎಂಬ ಮಾತು ಹದಿನಾಲ್ಕು-ಹದಿನೈದು ವರ್ಷದ ಗಾಡಿಗೆ ಅನ್ವಯಿಸುವುದಿಲ್ಲ. ಗ್ಲೈಕಾಲ್ ಹಾಗೇ ಉಳಿಯಬಹುದು, ಲೋಹ ಕಾಯುವ ರಾಸಾಯನಿಕ ಮುಗಿದುಹೋಗಿರುತ್ತದೆ. ಮೂರು-ನಾಲ್ಕು ವರ್ಷಕ್ಕೊಮ್ಮೆ ಬದಲಾಯಿಸುವುದು ನಾನು ಹೇಳುವ ಕ್ರಮ. ಹಾಗೆಯೇ, ಕಡಿಮೆ ಓಡಿದ ಗಾಡಿಯ ಭಾಗ ಸವೆದಿರುವುದಿಲ್ಲ ಎಂಬ ನಿಮ್ಮ ನಂಬಿಕೆ ಬ್ರೇಕಿಗೆ, ಕ್ಲಚ್ಚಿಗೆ ಸರಿ. ಪ್ಲಾಸ್ಟಿಕ್ಕು, ರಬ್ಬರು ಕಿಲೋಮೀಟರ್ ಲೆಕ್ಕ ಇಡುವುದಿಲ್ಲ. ಅವು ವರ್ಷಗಳಿಂದ, ಕಾದು ತಣಿಯುವುದರಿಂದ ಮುದಿಯಾಗುತ್ತವೆ.

ಈಗ ಕೇಳಿದ ಮುಖ್ಯ ಪ್ರಶ್ನೆಗೆ ಬರುತ್ತೇನೆ: ಕೆಡದೇ ಇರುವುದನ್ನು ಯಾಕೆ ಬದಲಾಯಿಸಬೇಕು? ಈ ಕಾರಿನ ಕೂಲಿಂಗ್ ಭಾಗಗಳನ್ನು ನಾನು ಎರಡು ಗುಂಪು ಮಾಡುತ್ತೇನೆ. ಕೆಡುವ ಮೊದಲು ಸೂಚನೆ ಕೊಡುವಂಥವು ಒಂದು ಗುಂಪು. ಸೂಚನೆಯೇ ಇಲ್ಲದೆ ಕೈಕೊಡುವಂಥವು ಇನ್ನೊಂದು. ಮೊದಲನೆಯವನ್ನು ನೋಡುತ್ತಿದ್ದರೆ ಸಾಕು. ಎರಡನೆಯವನ್ನು ಕೆಡುವ ಮೊದಲೇ ಬದಲಾಯಿಸಬೇಕು. ಬೆಂಗಳೂರಿನ ಎಸ್ಟಿಮೇಟಿನಲ್ಲಿ ಎರಡೂ ಗುಂಪು ಒಂದೇ ಪಟ್ಟಿಯಲ್ಲಿ ಬೆರೆತಿವೆ, ಅದಕ್ಕೇ ಅದು ಅಷ್ಟು ಭಾರ.

ರೇಡಿಯೇಟರ್ ಸೂಚನೆ ಕೊಡುವ ಭಾಗ. ಅಂಚಿನಲ್ಲಿ ಒದ್ದೆ ಕಾಣುತ್ತದೆ, ಬಿಳಿ-ನೀಲಿ ಪುಡಿ ಕಟ್ಟುತ್ತದೆ. ಹಾಗೇನೂ ಇಲ್ಲದಿದ್ದರೆ ಮುಟ್ಟಬೇಡಿ, ಒಳ್ಳೆಯ ಹಳೆಯ ಒರಿಜಿನಲ್ ರೇಡಿಯೇಟರನ್ನು ತೆಗೆದು ಅಗ್ಗದ ಹೊಸದನ್ನು ಹಾಕಿಸಿಕೊಳ್ಳುವುದು ನಷ್ಟದ ವ್ಯಾಪಾರ. ಆದರೆ ತೊಳೆಸಿ. ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿನಲ್ಲಿ ಹೆದ್ದಾರಿ 44ರ ಹುಳಹುಪ್ಪಟೆ, ಕ್ರಷರ್ ಕಡೆಯ ದೂಳು, ಒಣಗಿದ ಎಲೆ ಎಲ್ಲಾ ಸೇರಿ ಕಂಬಳಿಯಷ್ಟು ದಪ್ಪ ಕೂತಿದ್ದನ್ನು ನಾನು ತೆಗೆಸಿದ್ದೇನೆ. ಮುಂದಿನಿಂದ ನೋಡಿದರೆ ಅದು ಕಾಣುವುದೇ ಇಲ್ಲ. ಹಿಂದಿನಿಂದ ಮುಂದಕ್ಕೆ, ತೋಟದ ಪೈಪಿನ ಮೆಲುನೀರಿನಲ್ಲಿ ತೊಳೆಯಬೇಕು. ಪ್ರೆಶರ್ ವಾಶ್ ಹಿಡಿದರೆ ತೆಳು ರೆಕ್ಕೆಗಳು ಮಡಚಿ ಗಾಳಿ ಶಾಶ್ವತವಾಗಿ ನಿಲ್ಲುತ್ತದೆ.

ಎಕ್ಸ್‌ಪ್ಯಾನ್ಶನ್ ಟ್ಯಾಂಕ್, ಅಂದರೆ ಕೂಲಂಟ್ ಹಾಕುವ ಆ ಪ್ಲಾಸ್ಟಿಕ್ ಟ್ಯಾಂಕ್, ಸ್ವಲ್ಪ ಸೂಚನೆ ಕೊಡುತ್ತದೆ. ಎರಡು ಹೋಳು ಸೇರಿಸಿದ ಅಂಚಿನ ಮೇಲೆ ಟಾರ್ಚ್ ಬಿಟ್ಟು ನೋಡಿ: ಒಣಗಿದ ಕೂಲಂಟಿನ ಗೆರೆ ಇದ್ದರೆ ಅಲ್ಲಿ ಕೂದಲೆಳೆಯ ಸೀಳು ಇದೆ. ಅದು ತಣ್ಣಗಿದ್ದಾಗ ಮುಚ್ಚಿಕೊಂಡು ಒತ್ತಡ ಬಂದಾಗ ಬಾಯಿ ಬಿಡುತ್ತದೆ. ನಂದಿಬೆಟ್ಟದಲ್ಲಿ ಆದದ್ದು ಇದೇ ಎಂಬ ಅನುಮಾನ ನನಗೆ ಹೆಚ್ಚು, ಅದರ ನಂತರ ಮುಚ್ಚಳದ ಮೇಲೆ.

ಹೋಸುಗಳ ರಬ್ಬರ್ ಭಾಗ ಉಬ್ಬಿ, ಮೆತ್ತಗಾಗಿ ಮೊದಲೇ ಹೇಳುತ್ತದೆ. ಆಯಿಲ್ ಫಿಲ್ಟರ್ ಹೌಸಿಂಗಿನ ಗ್ಯಾಸ್ಕೆಟ್ ಈ ಇಂಜಿನ್ನಿನಲ್ಲಿ ಸೋರುವುದು ಸಾಮಾನ್ಯ. ಸೋರಿದ ಆಯಿಲ್ ಬಿದ್ದ ಹೋಸು ಇನ್ನೂ ಬೇಗ ಹಾಳಾಗುತ್ತದೆ, ಅದನ್ನೂ ನೋಡಿಸಿ. ಆದರೆ ಹೋಸಿನ ತುದಿಯ ಪ್ಲಾಸ್ಟಿಕ್ ಎರಡನೇ ಗುಂಪಿನದು. ಸಿಲಿಂಡರ್ ಹೆಡ್ಡಿನ ಮುಂಭಾಗಕ್ಕೆ ಎರಡು ಕಿವಿಯಂಥ ಕವಲಿರುವ ಒಂದು ಪ್ಲಾಸ್ಟಿಕ್ ಜೋಡಣೆ ಇದೆ. ಹತ್ತು ವರ್ಷ ದಾಟಿದ ಮೇಲೆ ಕಳಚಿದರೆ ಅದು ಬೆರಳಿನ ಒತ್ತಿಗೇ ಪುಡಿಯಾಗುತ್ತದೆ. ಹೊರಗಿನಿಂದ ನೋಡಿದರೆ ಹೊಸದರಂತೆಯೇ ಇರುತ್ತದೆ. ಮುರಿದ ದಿನ ಕೂಲಂಟ್ ಒಂದೆರಡು ನಿಮಿಷದಲ್ಲಿ ರಸ್ತೆಯ ಪಾಲು. ಅಲ್ಯೂಮಿನಿಯಮ್ಮಿನಲ್ಲಿ ಮಾಡಿದ್ದು ಸಿಗುತ್ತದೆ, ಹಾಕಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಪಂಪು. ಬೆಲ್ಟಿನಲ್ಲಿ ತಿರುಗುವ ಹಳೆಯ ಪಂಪುಗಳು ಕೆಡುವ ಮುನ್ನ ಕಿರುಗುಟ್ಟುತ್ತವೆ, ಹನಿಯುತ್ತವೆ. ಇದು ಬೆಲ್ಟಿಲ್ಲದ ಎಲೆಕ್ಟ್ರಿಕ್ ಪಂಪು, ಒಳಗೆ ಮೋಟಾರು ಮತ್ತು ಎಲೆಕ್ಟ್ರಾನಿಕ್ಸ್. ನಿನ್ನೆ ತನಕ ಸರಿಯಿದ್ದು ಇವತ್ತು ಟ್ರಾಫಿಕ್ಕಿನ ನಡುವೆ ನಿಂತುಬಿಡುತ್ತದೆ. ಈ ಇಂಜಿನ್ನುಗಳಲ್ಲಿ ಒಂದು ಲಕ್ಷ ಕಿಲೋಮೀಟರಿನ ಆಸುಪಾಸಿನಲ್ಲಿ, ಕೆಲವೊಮ್ಮೆ ಅದಕ್ಕೂ ಮೊದಲೇ ಪಂಪ್ ಹೋಗುವುದು ಎಲ್ಲ ದೇಶದ ಮೆಕ್ಯಾನಿಕ್ಕುಗಳಿಗೂ ಗೊತ್ತಿರುವ ವಿಷಯ. ಕೆಲವೊಮ್ಮೆ ಮಾತ್ರ ಕಂಪ್ಯೂಟರಿನಲ್ಲಿ 2ಇ81, 2ಇ82 ಎಂಬ ಕೋಡು ಮುಂಚೆಯೇ ಕೂತಿರುತ್ತದೆ. ಹಾಗಾಗಿ ಸ್ಕ್ಯಾನ್ ಮಾಡಿಸಿ, ಆದರೆ ಕೋಡ್ ಇಲ್ಲವೆಂದು ನಂಬಬೇಡಿ.

ಇಷ್ಟು ತಿಳಿದ ಮೇಲೆ ನಿಮ್ಮ ಮುಂದೆ ಮೂರು ದಾರಿ.

ಕೆಡುವ ತನಕ ಓಡಿಸುವುದು ಮೊದಲನೆಯದು. ಇವತ್ತು ಖರ್ಚಿಲ್ಲ. ಮನೆ ಹತ್ತಿರ ಕೆಟ್ಟರೆ ಟೋಯಿಂಗ್ ಖರ್ಚು ಮತ್ತು ಪಂಪು. ತಿರುಪತಿ ದಾರಿಯಲ್ಲಿ ಕೆಟ್ಟು, ಇನ್ನೊಂದು ಕಿಲೋಮೀಟರ್ ಹೋಗಿ ನಿಲ್ಲಿಸೋಣ ಎಂದುಕೊಂಡರೆ ಅಲ್ಯೂಮಿನಿಯಂ ಹೆಡ್ ಬೆಂಡ್ ಆಗುತ್ತದೆ, ಬ್ಲಾಕಿಗೂ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆ ಬಿಲ್ಲಿನ ಮುಂದೆ ಈಗಿನ ಎಸ್ಟಿಮೇಟ್ ಚಿಕ್ಕದು. ಸೋರಿಕೆ ಈಗಾಗಲೇ ಇರುವುದರಿಂದ ನಿಮಗೆ ಈ ದಾರಿ ಮುಚ್ಚಿದೆ ಎಂದೇ ನನ್ನ ಅಭಿಪ್ರಾಯ. ಸೋರಿಕೆ ನಿಲ್ಲಿಸುವ ಪುಡಿ, ದ್ರವ ಯಾವುದನ್ನೂ ಹಾಕಬೇಡಿ. ಅದು ಸೀಳನ್ನಷ್ಟೇ ಅಲ್ಲ, ಹೀಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ.

ಎಸ್ಟಿಮೇಟಿನಲ್ಲಿರುವುದೆಲ್ಲ ಒಂದೇ ಸಲ ಮಾಡಿಸುವುದು ಇನ್ನೊಂದು. ಮನಸ್ಸಿಗೆ ನೆಮ್ಮದಿ, ಎಲ್ಲದರ ವಯಸ್ಸೂ ಒಂದೇ. ಅಪಾಯ ಇರುವುದು ಬಿಡಿಭಾಗದ ಗುಣಮಟ್ಟದಲ್ಲಿ. ಅಷ್ಟೊಂದು ಭಾಗ ಹಾಕುವಾಗ ಬೆಲೆ ಇಳಿಸಲು ಡುಪ್ಲಿಕೇಟ್ ನುಸುಳುವುದು ಸುಲಭ, ಡುಪ್ಲಿಕೇಟ್ ಪಂಪು ಹಳೆಯ ಒರಿಜಿನಲ್ಲಿಗಿಂತ ಕಡೆ. ಭಾಗಗಳ ಪೆಟ್ಟಿಗೆಯನ್ನು ಕಣ್ಣಾರೆ ನೋಡಿ, ಹಳೆಯವನ್ನು ವಾಪಸ್ ಕೇಳಿ ತಗೊಳ್ಳಿ.

ನಾನು ಹೇಳುವುದು ಮೂರನೆಯದು. ಮೊದಲು ತಣ್ಣನೆಯ ಇಂಜಿನ್ನಿಗೆ ಪ್ರೆಶರ್ ಟೆಸ್ಟ್ ಮಾಡಿಸಿ: ಟ್ಯಾಂಕಿನ ಬಾಯಿಗೆ ಕೈಪಂಪ್ ಕೂಡಿಸಿ, ಮುಚ್ಚಳದ ಮೇಲೆ ಬರೆದಿರುವ ಒತ್ತಡದಷ್ಟು ಗಾಳಿ ತುಂಬಿ ಕಾಲು ಗಂಟೆ ಬಿಡುತ್ತಾರೆ. ಮುಳ್ಳು ಇಳಿದರೆ ಎಲ್ಲಿ ಹನಿಯುತ್ತಿದೆ ಎಂದು ಹುಡುಕಬಹುದು. ಹೊರಗೆ ಎಲ್ಲೂ ಹನಿಯದೆ ಮಟ್ಟ ಇಳಿಯುತ್ತಿದ್ದರೆ ಟ್ಯಾಂಕಿನೊಳಗಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆದು ನೋಡುವ ಪರೀಕ್ಷೆ ಇದೆ. ದ್ರವ ಹಳದಿಯಾದರೆ ಇಂಜಿನ್ನಿನ ಹೊಗೆ ಕೂಲಂಟಿಗೆ ಸೇರುತ್ತಿದೆ, ಅಂದರೆ ಹೆಡ್ ಗ್ಯಾಸ್ಕೆಟ್. ಇವೆರಡನ್ನೂ ಮಾಡದೆ ಯಾವ ಭಾಗಕ್ಕೂ ದುಡ್ಡು ಕೊಡಬೇಡಿ. ನಂತರ ಗಾಡಿಯ ಅಡಿಯ ಹೊದಿಕೆ ಬಿಚ್ಚಿಸಿ ಪಂಪಿನ ಮೈಮೇಲಿನ ತಯಾರಿಕೆಯ ದಿನಾಂಕ ಓದಿಸಿ. ಈಚಿನ ವರ್ಷಗಳದ್ದಾಗಿದ್ದರೆ ಹಿಂದಿನ ಮಾಲೀಕರು ಬದಲಾಯಿಸಿದ್ದಾರೆ, ಬಿಟ್ಟುಬಿಡಿ. 2010-11ರದ್ದಾಗಿದ್ದರೆ ಬದಲಾಯಿಸಿ, ಪಕ್ಕದಲ್ಲೇ ಇರುವ ಥರ್ಮೋಸ್ಟಾಟನ್ನೂ ಜೊತೆಗೇ ಹಾಕಿಸಿ, ಯಾಕೆಂದರೆ ಅದೇ ಕೂಲಿ, ಅದೇ ಕೂಲಂಟ್. ಅದರ ಜೊತೆ ಟ್ಯಾಂಕು, ಮುಚ್ಚಳ, ಹೆಡ್ಡಿನ ಆ ಪ್ಲಾಸ್ಟಿಕ್ ಜೋಡಣೆ, ಹೊಸ ಕೂಲಂಟ್. ರೇಡಿಯೇಟರ್, ಫ್ಯಾನು, ಉಳಿದ ಹೋಸು ಪುರಾವೆ ಸಿಕ್ಕರೆ ಮಾತ್ರ. ಈ ದಾರಿಯ ಅಪಾಯವನ್ನೂ ಹೇಳಬೇಕು: ಉಳಿಸಿದ ಹಳೆಯ ಹೋಸು ಎರಡು ವರ್ಷದಲ್ಲಿ ಸೋರಿದರೆ ಮತ್ತೆ ಒಂದು ದಿನದ ಕೂಲಿ, ಮತ್ತೆ ಕೂಲಂಟ್. ಆದರೆ ಅದು ಸೂಚನೆ ಕೊಟ್ಟು ಸೋರುತ್ತದೆ.

ಕೆಲಸ ಯಾರೇ ಮಾಡಲಿ, ಎರಡು ವಿಷಯ ಕೇಳಿ. ಪಂಪಿನ ಬೋಲ್ಟುಗಳು ಅಲ್ಯೂಮಿನಿಯಂ, ಒಂದೇ ಸಲಕ್ಕೆ. ಹೊಸ ಬೋಲ್ಟ್ ತರಿಸಿದ್ದಾರೆಯೇ? ಎರಡನೆಯದು ಏರ್ ತೆಗೆಯುವ ಕ್ರಮ. ಹಳೆಯ ಗಾಡಿಯಂತೆ ಮುಚ್ಚಳ ತೆಗೆದು ಇಂಜಿನ್ ಓಡಿಸಿ ಗುಳ್ಳೆ ಬಿಡಿಸುವುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬ್ಯಾಟರಿಗೆ ಚಾರ್ಜರ್ ಹಾಕಿ, ಟ್ಯಾಂಕ್ ತುಂಬಿ, ಇಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಶನ್ ಮಾತ್ರ ಆನ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ, ಗಾಳಿ ಕನಿಷ್ಠಕ್ಕೆ ಇಟ್ಟು, ಆಕ್ಸಿಲರೇಟರನ್ನು ಹತ್ತು ಸೆಕೆಂಡ್ ಪೂರ್ತಿ ಒತ್ತಿ ಹಿಡಿಯಬೇಕು. ಆಗ ಪಂಪು ತಾನೇ ಸುಮಾರು 12 ನಿಮಿಷ ಓಡಿ ಗಾಳಿಯನ್ನು ಹೊರಹಾಕುತ್ತದೆ, ಅದರ ಸದ್ದು ನಿಮಗೆ ಕೇಳಿಸುತ್ತದೆ. ಇದು ಗೊತ್ತಿಲ್ಲದೆ ಒಳಗೆ ಗಾಳಿ ಉಳಿದು, ಹೊಸ ಪಂಪು ಹಾಕಿದ ವಾರದಲ್ಲೇ ಹೀಟ್ ಆಗಿ ನನ್ನ ಹತ್ತಿರ ಬಂದ ಗಾಡಿಗಳಿವೆ. ನಿಮ್ಮ ಮೆಕ್ಯಾನಿಕ್ ಅಣ್ಣನಿಗೂ ಇದನ್ನು ತೋರಿಸಿ. ಕೈಚಳಕ ಇರುವವರಿಗೆ ಈ ಕೆಲಸ ಕಷ್ಟವೇನಲ್ಲ.

ಕೆಲಸ ಮುಗಿಯುವ ತನಕ ಬೆಟ್ಟ ಬೇಡ, ದೂರದ ಪ್ರಯಾಣ ಬೇಡ. ಮುಗಿದ ಮೇಲೂ ಗಾಡಿಯ ಕಂಪ್ಯೂಟರಿನ ಕೋಡು ಓದುವ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಚಿಕ್ಕ ಬ್ಲೂಟೂತ್ ರೀಡರ್ ಇಟ್ಟುಕೊಂಡರೆ ಕೂಲಂಟಿನ ಬಿಸಿ ಮೊಬೈಲಿನಲ್ಲೇ ಕಾಣುತ್ತದೆ. ನೂರು ದಾಟಿತೆಂದು ಹೆದರಬೇಡಿ, ನಿಮ್ಮ ಗಾಡಿಗೆ ಮಾಮೂಲು ಎಷ್ಟು ಎಂದು ನಾಲ್ಕಾರು ಸಲ ಓಡಿಸಿ ತಿಳಿದುಕೊಳ್ಳಿ, ಅದಕ್ಕಿಂತ ಏರುತ್ತಲೇ ಹೋದರೆ ಎಚ್ಚರ. ಕೆಂಪು ದೀಪ ಬಂದರೆ ಚದಲಪುರದ ತನಕ ಹೋಗೋಣ, ಟೋಲ್ ದಾಟೋಣ ಎಂದೆಲ್ಲ ಲೆಕ್ಕ ಹಾಕದೆ ಎಡಕ್ಕೆ ತೆಗೆದು ಆಫ್ ಮಾಡಿ. ಹೀಟರ್ ಹಾಕಿಕೊಂಡು ನಿಧಾನವಾಗಿ ಹೋಗಿ ಎಂಬ ಹಳೆಯ ಉಪಾಯ ಪಂಪು ಸತ್ತಾಗ ನಡೆಯುವುದಿಲ್ಲ, ಹೀಟರಿಗೂ ಕೂಲಂಟ್ ಕಳಿಸುವುದು ಅದೇ ಪಂಪು. ಮುಚ್ಚಳ ಬಿಸಿಯಲ್ಲಿ ತೆಗೆಯಲೇಬೇಡಿ, ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಫ್ಲ್ಯಾಟ್‌ಬೆಡ್ ಕರೆಸಿ, ಹಗ್ಗ ಕಟ್ಟಿ ಎಳೆಸಬೇಡಿ.

ತೆಗೆದ ಹಳೆಯ ಕೂಲಂಟಿನ ಬಗ್ಗೆ ಒಂದು ಮಾತು ಬಾಕಿ ಇದೆ. ಅದು ಸಿಹಿಯಾಗಿರುವ ವಿಷ. ನಾಯಿ, ಕರು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಚರಂಡಿಗಾಗಲಿ ಹಿಪ್ಪುನೇರಳೆ ತೋಟದ ಬದುವಿಗಾಗಲಿ ಚೆಲ್ಲಲು ಬಿಡಬೇಡಿ. ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದು, ಹಳೆಯ ಆಯಿಲ್ ಒಯ್ಯುವವರಿಗೆ ಬೇರೆ ಕ್ಯಾನಿನಲ್ಲಿ ಕೊಡಿಸುವಂತೆ ಗ್ಯಾರೇಜಿನವರಿಗೆ ಮೊದಲೇ ಹೇಳಿಡಿ.